ಮನೆಯಲ್ಲಿ ಆರೈಕೆಗೆ ಸಹಾಯಕರನ್ನು ಇಟ್ಟುಕೊಳ್ಳುವಾಗ: ಗುಣಮಟ್ಟ ಮತ್ತು ಸುರಕ್ಷತೆಯನ್ನು ಮನೆಯವರೇ ಗೊತ್ತುಪಡಿಸುವ ಬಗೆ

ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಯಿಂದಲೋ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಿಂದಲೋ, ಪಾರ್ಶ್ವವಾಯುವಾದ ಅಥವಾ ಸೊಂಟದ ಎಲುಬು ಮುರಿದ ಹಿರಿಯರನ್ನು ಮನೆಗೆ ಕಳುಹಿಸುವ ದಿನ ಗೊತ್ತಾಗುತ್ತಲೇ ಮಕ್ಕಳು ಫೋನ್ ಹಿಡಿದು ಓಡಾಡತೊಡಗುತ್ತಾರೆ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ, ಊರ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ ಒಬ್ಬರೇ ಎನ್ನುವ ಸ್ಥಿತಿ ವಿದ್ಯಾನಗರದಿಂದ ಸಪ್ತಾಪುರದವರೆಗೆ ಅನೇಕ ಮನೆಗಳದ್ದು. ವಾರ್ಡಿನ ಆಯಾ ಕೊಟ್ಟ ನಂಬರಿನಿಂದಲೋ ಪಕ್ಕದ ಹಾಸಿಗೆಯವರ ಪರಿಚಯದಿಂದಲೋ ಅರ್ಧ ದಿನದಲ್ಲಿ ಯಾರಾದರೂ ಸಿಗುತ್ತಾರೆ ಮತ್ತು ಮರುದಿನವೇ ಕೆಲಸಕ್ಕೆ ಬಂದುಬಿಡುತ್ತಾರೆ. ಅವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಅವರು ಯಾವುದಕ್ಕೆ ಕೈ ಹಾಕಬಾರದು ಎಂದು ಕೇಳಲು ಆ ಗಡಿಬಿಡಿಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ.

ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್, ಲ್ಯಾಬುಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಅಡಿಯಲ್ಲಿ ನೋಂದಣಿಯಾಗಬೇಕು. ಆದರೆ ಮನೆಗೆ ಸಹಾಯಕರನ್ನು ಕಳುಹಿಸುವ ಏಜೆನ್ಸಿಯ ಗೋಡೆಯ ಮೇಲೆ ತೂಗುಹಾಕಿರುವುದು ಬಹುಮಟ್ಟಿಗೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ. ಅಂಥದೊಂದು ವ್ಯವಹಾರ ಅಲ್ಲಿ ನಡೆಯುತ್ತಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ. ಅಲ್ಲಿಂದ ಬರುವ ವ್ಯಕ್ತಿಗೆ ರೋಗಿಯನ್ನು ಹೊರಳಿಸಲು ಬರುತ್ತದೆಯೇ ಎಂಬ ಬಗ್ಗೆ ಅದು ಒಂದು ಮಾತನ್ನೂ ಹೇಳುವುದಿಲ್ಲ. ಆದ್ದರಿಂದ ಮಾನದಂಡವನ್ನು ಮನೆಯವರೇ ಬರೆದಿಟ್ಟುಕೊಂಡು, ಮೊದಲ ದಿನದಿಂದಲೇ ಅದರಂತೆ ನಡೆಸಿಕೊಳ್ಳುವುದು ಅನಿವಾರ್ಯ. ಅದನ್ನು ಹೇಗೆ ಮಾಡಬಹುದು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಯಾರ ಕೆಲಸ ಯಾವುದು

ನಮ್ಮ ಕಡೆ ಬಿಳಿ ಕೋಟು ಹಾಕಿಕೊಂಡು ಬಂದವರೆಲ್ಲ 'ಸಿಸ್ಟರ್', ಗಂಡಸಾದರೆ 'ಬ್ರದರ್'. ಈ ಕರೆಯುವ ರೂಢಿಯಲ್ಲಿಯೇ ಮೊದಲ ಅಪಾಯ ಅಡಗಿದೆ. ಎಎನ್ಎಂ, ಜಿಎನ್ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ನರ್ಸ್. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯ ಪಠ್ಯಕ್ರಮದಲ್ಲಿ ಕೆಲವು ತಿಂಗಳ ತರಬೇತಿ ಪಡೆದು ಬರುವವರು ಜನರಲ್ ಡ್ಯೂಟಿ ಅಸಿಸ್ಟಂಟ್ ಅಥವಾ ಹೋಮ್ ಹೆಲ್ತ್ ಏಡ್. ಯಾವ ತರಬೇತಿಯೂ ಇಲ್ಲದೆ, ಹತ್ತಾರು ಮನೆಗಳಲ್ಲಿ ಕೆಲಸ ಮಾಡಿಯೇ ಕಲಿತವರು ಮೂರನೆಯವರು. ಹುಬ್ಬಳ್ಳಿ-ಧಾರವಾಡದಲ್ಲಿ ಸುಲಭವಾಗಿ ಸಿಗುವವರು ಇವರೇ. ಅವರಲ್ಲಿ ಬಹಳ ಒಳ್ಳೆಯ ಕೈಗುಣದವರೂ ಇದ್ದಾರೆ, ಪ್ರಮಾಣಪತ್ರವಿಲ್ಲ ಎಂಬ ಒಂದೇ ಕಾರಣಕ್ಕೆ ಅವರನ್ನು ಕೈಬಿಡಬೇಕಾಗಿಲ್ಲ. ಆದರೆ ಅವರಿಂದ ನರ್ಸಿನ ಕೆಲಸ ಮಾಡಿಸಕೂಡದು.

ಸ್ನಾನ, ಬಾಯಿ ಸ್ವಚ್ಛತೆ, ಬಟ್ಟೆ ಮತ್ತು ಡಯಾಪರ್ ಬದಲಾವಣೆ, ಮಗ್ಗುಲು ಹೊರಳಿಸುವುದು, ಊಟ ಮಾಡಿಸುವುದು, ಕೈ ಹಿಡಿದು ನಡೆಸುವುದು, ಮೂತ್ರದ ಚೀಲ ಖಾಲಿ ಮಾಡುವುದು ಇವೆಲ್ಲ ಸಹಾಯಕರ ಕೆಲಸ. ಇಂಜೆಕ್ಷನ್, ಸಲಾಯಿನ್, ಮೂತ್ರದ ನಳಿಕೆಯನ್ನೇ ಬದಲಿಸುವುದು, ಮೂಗಿನ ನಳಿಕೆಯನ್ನು ಹಾಕುವುದು ಅಥವಾ ಜಾರಿದ್ದನ್ನು ಮತ್ತೆ ಕೂರಿಸುವುದು, ಆಳವಾದ ಗಾಯದ ಡ್ರೆಸಿಂಗ್, ಕಫ ಹೀರುವ ಯಂತ್ರದ ಬಳಕೆ ಇವು ನರ್ಸಿನವು. ಇನ್ಸುಲಿನ್ ಕೊಡುವ ಕೆಲಸವನ್ನು ಮನೆಯವರೊಬ್ಬರು ಆಸ್ಪತ್ರೆಯಲ್ಲಿಯೇ ಕಲಿತುಕೊಂಡು ಬರುವುದು ಒಳ್ಳೆಯದು. ಮಾತ್ರೆಗಳ ವಿಷಯದಲ್ಲಿಯೂ ಗೆರೆ ಸ್ಪಷ್ಟವಿರಲಿ: ವಾರದ ಡಬ್ಬಿಯಲ್ಲಿ ಮನೆಯವರು ಹೊತ್ತಿಗೆ ತಕ್ಕಂತೆ ಜೋಡಿಸಿಟ್ಟದ್ದನ್ನು ಸಹಾಯಕರು ಕೊಡಬಹುದು, ಆದರೆ ಚೀಟಿ ಓದಿ ಮಾತ್ರೆ ಆರಿಸುವ, ಬಿ.ಪಿ. ಕಡಿಮೆ ಕಂಡಿತೆಂದು ಮಾತ್ರೆ ಬಿಡುವ, ರಾತ್ರಿ ಗಲಾಟೆ ಮಾಡುತ್ತಾರೆಂದು ನಿದ್ದೆಯ ಮಾತ್ರೆಯನ್ನು ಹೆಚ್ಚಿಸುವ ಅಧಿಕಾರ ಅವರಿಗಿಲ್ಲ. ಈ ಎರಡು ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ವೈದ್ಯರಿಗೊಮ್ಮೆ ತೋರಿಸಿ, ರೋಗಿಯ ಕೋಣೆಯ ಗೋಡೆಗೆ ಅಂಟಿಸಬೇಕು. ಡಿಸ್ಚಾರ್ಜ್ ಆಗುವ ಮುನ್ನಾದಿನ ವಾರ್ಡಿನ ನರ್ಸಿನಿಂದ ಸಹಾಯಕರಿಗೆ ಒಂದು ಸಲವಾದರೂ ಎಲ್ಲವನ್ನೂ ಮಾಡಿ ತೋರಿಸಲು ವಿನಂತಿಸಿಕೊಂಡರೆ ಸಾಮಾನ್ಯವಾಗಿ ಯಾರೂ ಒಲ್ಲೆ ಎನ್ನುವುದಿಲ್ಲ.

ನೇಮಿಸುವ ಮೊದಲು

ಆಧಾರ್ ಕಾರ್ಡಿನ ಪ್ರತಿ, ಇತ್ತೀಚಿನ ಫೋಟೋ, ಊರಿನ ವಿಳಾಸ, ಹಿಂದೆ ಕೆಲಸ ಮಾಡಿದ ಎರಡು ಮನೆಗಳವರ ಜೊತೆ ನೇರ ಮಾತು ಇಷ್ಟು ಕನಿಷ್ಠ. ಹಿಂದಿನ ಮನೆಯವರನ್ನು 'ಹೇಗಿದ್ದರು' ಎಂದು ಕೇಳಿದರೆ 'ಚಲೋ ಇದ್ದರು' ಎಂಬ ಉತ್ತರವೇ ಬರುತ್ತದೆ. ರಾತ್ರಿ ಎದ್ದು ನೋಡುತ್ತಿದ್ದರೇ, ಹಾಸಿಗೆ ಹುಣ್ಣು ಆಗಿತ್ತೇ, ಹೇಳದೆ ರಜೆ ಹಾಕಿದ್ದುಂಟೇ ಎಂದು ಒಂದೊಂದಾಗಿ ಕೇಳಬೇಕು. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಅವಕಾಶವಿದೆ. ಏಜೆನ್ಸಿಯವರು 'ಎಲ್ಲಾ ಮಾಡಿಸಿದ್ದೇವೆ' ಎಂದರೆ ಅದರ ಪ್ರತಿಯನ್ನು ಕೇಳಿ ಪಡೆಯಬೇಕು. ನರ್ಸ್ ಎಂದು ಹೇಳಿಕೊಳ್ಳುವವರಿಂದ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಆದರೆ ಯಾರ ಮೂಲ ದಾಖಲೆಗಳನ್ನೂ ನಾವು ಇಟ್ಟುಕೊಳ್ಳಬಾರದು, ಏಜೆನ್ಸಿ ಇಟ್ಟುಕೊಂಡಿದೆ ಎಂದು ತಿಳಿದರೆ ಅಂಥ ಏಜೆನ್ಸಿಯಿಂದ ದೂರವಿರುವುದೇ ಲೇಸು. ತನ್ನ ಕೆಲಸಗಾರರನ್ನು ಹಾಗೆ ಕಟ್ಟಿಹಾಕುವ ಸಂಸ್ಥೆ ನಿಮ್ಮ ದೂರನ್ನು ಗೌರವದಿಂದ ಕೇಳುತ್ತದೆ ಎಂದು ನಂಬುವುದು ಕಷ್ಟ.

ಕಾಗದ ನೋಡಿದರೆ ಸಾಲದು, ಕೈ ನೋಡಬೇಕು. ಬಂದವರಿಗೆ ಮೊದಲು ಕೈ ತೊಳೆಯಲು ನೀರು ತೋರಿಸಿ ಗಮನಿಸಿರಿ. ಸಾಬೂನು ಹಚ್ಚಿ, ಬೆರಳ ಸಂದು, ಉಗುರಿನ ತುದಿ, ಹೆಬ್ಬೆರಳಿನ ಬುಡ ತಿಕ್ಕಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಬಳೆ ಮತ್ತು ಗಡಿಯಾರವನ್ನು ತಾವಾಗಿ ಸರಿಸಿಕೊಂಡು ತೊಳೆಯುವವರು ಎಲ್ಲಿಯೋ ಒಳ್ಳೆಯ ಕಡೆ ಕಲಿತಿದ್ದಾರೆಂದು ತಿಳಿಯಬಹುದು. ಅನಂತರ ಹಿರಿಯರನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸಲು ಹೇಳಿರಿ. ಗಾಲಿಕುರ್ಚಿಯ ಬ್ರೇಕ್ ಹಾಕಿದರೇ, ಏನು ಮಾಡಲಿದ್ದೇನೆಂದು ರೋಗಿಗೆ ಮೊದಲೇ ಹೇಳಿದರೇ, ಕುರ್ಚಿಯನ್ನು ರೋಗಿಯ ಬಲವಿರುವ ಬದಿಗೆ ಇಟ್ಟರೇ, ಕಂಕುಳಿಗೆ ಕೈ ಹಾಕಿ ಜಗ್ಗದೆ ಎಬ್ಬಿಸಿದರೇ ಎಂಬುದನ್ನು ನೋಡಬೇಕು. ಪಾರ್ಶ್ವವಾಯುವಾದವರ ಸೋತ ತೋಳನ್ನು ಹಿಡಿದು ಎಳೆದರೆ ಭುಜದ ಕೀಲು ಸಡಿಲಗೊಂಡು ತಿಂಗಳುಗಟ್ಟಲೆ ನೋವು ಕೊಡುತ್ತದೆ. ಇದನ್ನು ಮೊದಲ ದಿನವೇ ತಡೆಯಬೇಕು.

ಕರಾರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ: ವೇಳೆ, ಸಂಬಳ, ವಾರದ ರಜೆ, ಬದಲಿ ವ್ಯಕ್ತಿ ಎಷ್ಟು ಗಂಟೆಯೊಳಗೆ ಬರಬೇಕು, ಬಿಡುವ ಮುನ್ನ ಎಷ್ಟು ದಿನದ ಸೂಚನೆ, ಮುಂಗಡ ಮರಳಿಸುವ ಬಗೆ ಇವು ಒಂದು ಪುಟದಲ್ಲಿ ಬರೆಯಲ್ಪಟ್ಟು ಎರಡೂ ಕಡೆಯ ಸಹಿ ಬಿದ್ದಿರಲಿ. ಹಣವನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಟ್ಟು ರಸೀದಿ ಪಡೆದಿಟ್ಟುಕೊಳ್ಳಿರಿ, ಮುಂದೆ ದೂರು ಕೊಡುವ ಪ್ರಸಂಗ ಬಂದರೆ ಇವೇ ಆಧಾರ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. 'ಇಪ್ಪತ್ನಾಲ್ಕು ತಾಸಿನ ಡ್ಯೂಟಿ' ಎಂದು ಒಬ್ಬರನ್ನೇ ನೇಮಿಸಿ, ಹಗಲಿಡೀ ದುಡಿಸಿ, ರಾತ್ರಿ ಎರಡು ತಾಸಿಗೊಮ್ಮೆ ಏಳಿರೆಂದರೆ ಆ ಕೆಲಸ ನಡೆಯುವುದಿಲ್ಲ. ನಡೆದಂತೆ ತೋರುತ್ತದೆ, ಅಷ್ಟೇ. ರಾತ್ರಿ ಎಚ್ಚರವಿರಲೇಬೇಕಾದ ರೋಗಿಯಾದರೆ ಹಗಲಿಗೊಬ್ಬರು, ಇರುಳಿಗೊಬ್ಬರು ಬೇಕು, ಇಲ್ಲವೇ ಮನೆಯವರೊಬ್ಬರು ರಾತ್ರಿಯ ಪಾಳಿ ಹೊರಬೇಕು. ನಿದ್ದೆಗೆಟ್ಟ ಸಹಾಯಕರಿಂದಲೇ ರೋಗಿ ಬೀಳುವುದು, ಮಾತ್ರೆ ತಪ್ಪುವುದು ಆಗುತ್ತದೆ.

ಬಚ್ಚಲು, ನೀರು ಮತ್ತು ಸ್ನಾನ

ನಮ್ಮ ಹಳೆಯ ಮನೆಗಳ ಬಚ್ಚಲುಗಳು ಮುಪ್ಪಿನವರಿಗೆ ಹೇಳಿ ಮಾಡಿಸಿದವಲ್ಲ. ಎತ್ತರದ ಹೊಸ್ತಿಲು, ಸವೆದು ನುಣುಪಾದ ಶಹಾಬಾದ್ ಕಲ್ಲು, ಮಂದ ದೀಪ, ಎಷ್ಟೋ ಕಡೆ ಹಿತ್ತಲಲ್ಲಿರುವ ಪಾಯಖಾನೆ. ಗೋಡೆಗೆ ಭದ್ರವಾದ ಹಿಡಿಕೆಗಳನ್ನು ಕೂರಿಸಿ, ರಬ್ಬರ್ ಕಾಲಿನ ಸ್ನಾನದ ಕುರ್ಚಿ ತಂದು, ಜಾರದ ಮ್ಯಾಟ್ ಹಾಸಿ, ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ದೀಪ ಉರಿಯುವಂತೆ ಮಾಡುವುದು ಸಹಾಯಕರು ಬರುವ ಮುನ್ನ ಮುಗಿಯಬೇಕಾದ ಕೆಲಸ. ಟವೆಲ್ ಹಾಕುವ ತೆಳು ಕಂಬಿ ಹಿಡಿಕೆಯಲ್ಲ, ಮನುಷ್ಯನ ಭಾರಕ್ಕೆ ಅದು ಕಿತ್ತು ಬರುತ್ತದೆ. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂತಿರಲಿ.

ನೀರಿನದು ಅವಳಿ ನಗರದ ಹಳೆಯ ಗೋಳು. ಮಲಪ್ರಭೆಯ ನೀರು ದಿನವಿಡೀ ಬರುವ ವಾರ್ಡುಗಳೂ ಇವೆ, ನಳ ಬರುವುದನ್ನು ದಿನ ಎಣಿಸಿ ಕಾಯುವ ಬಡಾವಣೆಗಳೂ ಇವೆ. ಗದಗಿನವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ನೀರು ಸಂಗ್ರಹಿಸಿಡುವ ಮನೆಯಲ್ಲಿ ಮೊದಲು ಕಡಿತಕ್ಕೆ ಒಳಗಾಗುವುದು ಕೈ ತೊಳೆಯುವ ನೀರೇ. ಆದ್ದರಿಂದ ರೋಗಿಯ ಕೋಣೆಯ ಬಾಗಿಲಲ್ಲಿ ನಲ್ಲಿಯಿರುವ, ಮುಚ್ಚಳದ ಒಂದು ಡ್ರಮ್ಮನ್ನು ಕೈ ತೊಳೆಯಲಿಕ್ಕೆಂದೇ ಇಡಬೇಕು. ಬಕೆಟ್ಟಿನಲ್ಲಿ ಚಂಬು ಅದ್ದಿ ತೊಳೆದುಕೊಂಡರೆ ಉಳಿದ ನೀರೂ ಕೆಡುತ್ತದೆ. ಸ್ಯಾನಿಟೈಸರ್ ಇಟ್ಟರೂ ಮಲ ಮೂತ್ರ ಮುಟ್ಟಿದ ಕೈಗೆ, ಕಣ್ಣಿಗೆ ಕಾಣುವ ಕೊಳೆಗೆ ಸಾಬೂನು ನೀರೇ ಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ವಾರಗಟ್ಟಲೆ ಹಾಸು ಹೊದಿಕೆ ಒಣಗುವುದಿಲ್ಲವಾದ್ದರಿಂದ ನಾಲ್ಕೈದು ಜೊತೆ ಹತ್ತಿಯ ಹಾಸುಗಳು ಹೆಚ್ಚಿಗೆ ಇರಲಿ. ಅರೆಒಣಗಿದ ಹಾಸಿನ ಮೇಲೆ ಮಲಗಿದ ಚರ್ಮ ಬೇಗ ಒಡೆಯುತ್ತದೆ.

ಸ್ನಾನ ಮಾಡಿಸುವಾಗ ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು ಎಂಬ ಕ್ರಮ ಎಂದಿಗೂ ತಪ್ಪಬಾರದು. ಮುಪ್ಪಿನವರ ಚರ್ಮ ತೆಳುವಾಗಿರುತ್ತದೆ, ಸಕ್ಕರೆ ಕಾಯಿಲೆಯವರಿಗೂ ಪಾರ್ಶ್ವವಾಯುವಾದವರಿಗೂ ಸುಡುವ ಅರಿವೇ ಇರದಿರಬಹುದು; 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಟ್ಟುಬಿಡುತ್ತದೆ. ಸೋಲಾರ್ ನೀರಂತೂ ಬೇಸಿಗೆಯ ಮಧ್ಯಾಹ್ನ ಊಹೆಗೂ ಮೀರಿ ಕಾದಿರುತ್ತದೆ. ಮೈಗೆ ಹಾಕುವ ನೀರು 37ರಿಂದ 40 ಡಿಗ್ರಿಯೊಳಗೆ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಸಹಾಯಕರು ಮೊಣಕೈ ಅದ್ದಿ ನೋಡಿ, ಅನಂತರ ರೋಗಿಯ ಬಲವಿರುವ ಕೈಗೆ ಸ್ವಲ್ಪ ಸುರಿದು ಕೇಳಬೇಕು. ನಿತ್ಯ ಕೆಲಸ ಮಾಡಿ ಜಡ್ಡುಗಟ್ಟಿದ ಅಂಗೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಹಬ್ಬದ ದಿನ ಅಜ್ಜಿಗೆ ಎಣ್ಣೆ ಹಚ್ಚಿ ಎರೆಯಬೇಕೆಂಬ ಆಸೆಯನ್ನು ಬಿಡಬೇಕಿಲ್ಲ, ಆದರೆ ಎಣ್ಣೆಯನ್ನು ಹಾಸಿಗೆಯ ಮೇಲೆಯೇ ಹಚ್ಚಿ, ಅಂಗಾಲಿಗೆ ಹಚ್ಚದೆ, ಕುರ್ಚಿಯಲ್ಲಿ ಕೂರಿಸಿಯೇ ಬಚ್ಚಲಿಗೆ ಒಯ್ದು, ಮುಗಿದೊಡನೆ ನೆಲವನ್ನು ಸಾಬೂನಿನಿಂದ ಉಜ್ಜಿಸಬೇಕು.

ಸ್ವಚ್ಛಗೊಳಿಸುವಾಗ ಮೊದಲು ಮುಖ, ಕೊನೆಗೆ ಗುಪ್ತಾಂಗ, ಅದೂ ಮುಂದಿನಿಂದ ಹಿಂದಕ್ಕೆ. ಆ ಭಾಗಕ್ಕೆ ಬೇರೆ ಬಟ್ಟೆ. ಸಕ್ಕರೆ ಕಾಯಿಲೆಯವರ ಕಾಲಿನ ಬೆರಳ ಸಂದುಗಳನ್ನು ಒಣಗಿಸಿ ನೋಡಬೇಕು, ಅವರ ಉಗುರುಗಳನ್ನು ಬ್ಲೇಡಿನಿಂದ ಕತ್ತರಿಸಲು ಸಹಾಯಕರಿಗೆ ಬಿಡಕೂಡದು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ನೀರಿನಲ್ಲಿಡಬೇಕು.

ಹಾಸಿಗೆ ಹುಣ್ಣು: ಸೇವೆಯ ಗುಣಮಟ್ಟದ ನಿಜವಾದ ಪರೀಕ್ಷೆ

ಆರೈಕೆ ಚೆನ್ನಾಗಿದೆಯೇ ಎಂದು ತಿಳಿಯಲು ಒಂದೇ ಒಂದು ಗುರುತನ್ನು ಆರಿಸಿಕೊಳ್ಳಿರಿ ಎಂದರೆ ನಾನು ಬೆನ್ನಿನ ಕೆಳಭಾಗದ ಚರ್ಮವನ್ನು ಆರಿಸಿಕೊಳ್ಳುತ್ತೇನೆ. ಎದ್ದು ಓಡಾಡಲಾಗದವರ ದೇಹದ ಭಾರ ಎಲುಬು ಉಬ್ಬಿದ ಕಡೆ ಬಿದ್ದು, ಅಲ್ಲಿಯ ರಕ್ತ ಸಂಚಾರ ನಿಂತು, ಚರ್ಮ ಒಳಗಿನಿಂದ ಸಾಯತೊಡಗುತ್ತದೆ. ಹೊರಗೆ ಹುಣ್ಣು ಕಾಣುವ ಹೊತ್ತಿಗೆ ಒಳಗೆ ಆಳವಾಗಿ ಹಬ್ಬಿರುತ್ತದೆ. ಸೊಂಟದ ಹಿಂಭಾಗ, ತೊಡೆಯ ಮೇಲ್ಗಡೆಯ ಎಲುಬು, ಹಿಮ್ಮಡಿ, ಕಣಕಾಲ ಗಂಟು, ತಲೆಯ ಹಿಂಭಾಗ, ಕಿವಿ ಇವು ದಿನಕ್ಕೆರಡು ಸಲ, ಬೆಳಕಿನಲ್ಲಿ ನೋಡಬೇಕಾದ ಜಾಗಗಳು. ಕೆಂಪಾಗಿ ಕಂಡಲ್ಲಿ ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಬೇಕು. ಒತ್ತಿದಲ್ಲಿ ಒಮ್ಮೆ ಬಿಳುಪಾಗಿ ಮತ್ತೆ ಬಣ್ಣ ಬಂದರೆ ಸದ್ಯಕ್ಕೆ ಭಯವಿಲ್ಲ, ಬಿಳುಪಾಗದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ನಮ್ಮವರ ಕಪ್ಪು, ಎಣ್ಣೆಗಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿರುವುದು, ಮುಟ್ಟಿದರೆ ಬಿಸಿಯಾಗಿ ಅಥವಾ ಗಟ್ಟಿಯಾಗಿ ಹತ್ತುವುದು, ಮುಟ್ಟಿದಾಗ ರೋಗಿ ಮುಖ ಕಿವಿಚುವುದು ಇವನ್ನೇ ಗುರುತಾಗಿ ಹಿಡಿಯಬೇಕು.

ತಡೆಯುವ ಉಪಾಯ ಹೊರಳಿಸುವುದೇ. ಮಲಗಿದವರನ್ನು ಎರಡು ತಾಸಿಗೊಮ್ಮೆ ಎಡಕ್ಕೆ, ಅಂಗಾತ, ಬಲಕ್ಕೆ ಎಂದು ಬದಲಿಸುತ್ತಿರಬೇಕು. ಒಳ್ಳೆಯ ಹಾಸಿಗೆಯಿದ್ದು ಚರ್ಮ ಚೆನ್ನಾಗಿದ್ದರೆ ರಾತ್ರಿಯ ಅಂತರವನ್ನು ಹೆಚ್ಚಿಸಬಹುದೇ ಎಂಬುದನ್ನು ವೈದ್ಯರು ಹೇಳಬೇಕು, ಸಹಾಯಕರಲ್ಲ. ಪೂರ್ತಿ ಮಗ್ಗುಲಿಗೆ ಹಾಕಿದರೆ ತೊಡೆಯ ಎಲುಬಿನ ಮೇಲೆ ಭಾರ ಬೀಳುವುದರಿಂದ ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟೇ ವಾಲಿಸಿ, ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಒಂದು ದಿಂಬಿಟ್ಟು ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ತೇಲಿಸಬೇಕು. ಮೇಲಕ್ಕೆ ಸರಿಸುವಾಗ ಎಳೆಯದೆ, ಕೆಳಗಿನ ಹಾಸನ್ನು ಇಬ್ಬರು ಎರಡೂ ಬದಿಗೆ ಹಿಡಿದು ಎತ್ತಿ ಸರಿಸಬೇಕು. ಗಾಳಿಯ ಹಾಸಿಗೆ ತಂದಿದ್ದೇವೆ, ಇನ್ನು ಹೊರಳಿಸುವುದು ಬೇಡ ಎಂಬುದು ಬಹಳ ಮನೆಗಳಲ್ಲಿ ಕೇಳಿಬರುವ ಮಾತು, ಅದು ತಪ್ಪು. ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ತಿಕ್ಕುವುದು, ಪೌಡರ್ ಸುರಿಯುವುದು, ನಡುವೆ ತೂತಿರುವ ರಬ್ಬರ್ ರಿಂಗಿನ ಮೇಲೆ ಕೂರಿಸುವುದು ಕೂಡ ಹಾನಿಯನ್ನೇ ಮಾಡುತ್ತವೆ, ಔಷಧದಂಗಡಿಯಲ್ಲಿ ಆ ರಿಂಗು ಇಂದಿಗೂ ಕೇಳಿದೊಡನೆ ಸಿಗುತ್ತದಾದರೂ. ಡಯಾಪರ್ ಒದ್ದೆಯಾದ ತಕ್ಷಣ, ಹೇಗೂ ಮೂರು ನಾಲ್ಕು ತಾಸಿಗೊಮ್ಮೆ ತಪ್ಪದೆ ನೋಡಿ ಬದಲಿಸಬೇಕು. ಬೆಲೆ ಹೆಚ್ಚೆಂದು ತಾಸುಗಟ್ಟಲೆ ಎಳೆಯುವ ಮನೆಯವರು ಹುಣ್ಣಿನ ದೋಷವನ್ನು ಸಹಾಯಕರ ಮೇಲೆ ಹೊರಿಸುವಂತಿಲ್ಲ.

ಊಟ ಮತ್ತು ನಳಿಕೆಗಳು

ನುಂಗಲು ತೊಂದರೆಯಿರುವವರಿಗೆ ಮಲಗಿಸಿ ಉಣಿಸಕೂಡದು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿಸಿ, ಸಣ್ಣ ಚಮಚದಿಂದ, ಒಂದು ತುತ್ತು ನುಂಗಿದ್ದನ್ನು ಕಂಡ ಮೇಲೆಯೇ ಇನ್ನೊಂದು ಕೊಟ್ಟು, ಊಟದ ನಂತರ ಅರ್ಧ ತಾಸು ಕೂತೇ ಇರುವಂತೆ ನೋಡಿಕೊಳ್ಳಬೇಕು. ನೀರು, ಚಹಾದಂಥ ತೆಳು ಪದಾರ್ಥಗಳೇ ಹೆಚ್ಚಾಗಿ ಶ್ವಾಸನಾಳಕ್ಕೆ ಇಳಿಯುತ್ತವೆ ಎಂಬುದು ಹಲವರಿಗೆ ತಿಳಿದಿಲ್ಲ. ತೆಳು ಸಾರಿನಲ್ಲಿ ತೇಲುವ ಅನ್ನ ಇನ್ನೂ ಕಷ್ಟ. ಒಂದೇ ಹದವಾಗಿ ಮಂದವಾಗಿರುವ ಜೋಳದ ನುಚ್ಚು, ಹಾಲಿನಲ್ಲಿ ನೆನೆಸಿ ನುಣ್ಣಗೆ ಹಿಸುಕಿದ ರೊಟ್ಟಿ, ಗಟ್ಟಿ ಮೊಸರು ಸುಲಭ. ಉಣ್ಣುವಾಗ ಕೆಮ್ಮು ಬರುವುದು, ದನಿ ಗೊರಗೊರ ಎನ್ನುವುದು ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಮೂಗಿನ ನಳಿಕೆಯಿಂದ ಆಹಾರ ಕೊಡುವಾಗಲೂ ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ನಳಿಕೆಯ ಮೇಲೆ ಹಾಕಿದ ಗುರುತು ಸರಿದಿದ್ದರೆ ಒಂದು ಹನಿಯನ್ನೂ ಹಾಕಬಾರದು. ಮೂತ್ರದ ಚೀಲ ಸದಾ ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗುತ್ತಿರಬೇಕು. ಗಾಲಿಕುರ್ಚಿಯಲ್ಲಿ ಹೊರಗೆ ಕೂರಿಸುವಾಗ ಅದನ್ನು ತೊಡೆಯ ಮೇಲೆ ಇಡುವ ರೂಢಿಯಿಂದ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ.

ದಿನದ ನೋಟ್‌ಬುಕ್

ಎಲ್ಲಕ್ಕಿಂತ ಅಗ್ಗದ ಮತ್ತು ಎಲ್ಲಕ್ಕಿಂತ ಉಪಯುಕ್ತವಾದ ಸಾಧನ ಇನ್ನೂರು ಪುಟದ ಒಂದು ನೋಟ್‌ಬುಕ್. ಪ್ರತಿದಿನಕ್ಕೆ ಒಂದು ಪುಟ: ಹೊರಳಿಸಿದ ವೇಳೆ ಮತ್ತು ಬದಿ, ಉಂಡದ್ದು, ಕುಡಿದ ನೀರು, ಮೂತ್ರದ ಪ್ರಮಾಣ, ಮಲ, ಕೊಟ್ಟ ಮಾತ್ರೆ, ಬಿ.ಪಿ., ಚರ್ಮದ ಸ್ಥಿತಿ, ಬಿದ್ದದ್ದು ಅಥವಾ ಜಾರಿದ್ದು. ಬರೆಯಲು ಬಾರದ ಸಹಾಯಕರಾದರೆ ಗಡಿಯಾರದ ಚಿತ್ರದ ಮುಂದೆ ಗುರುತು ಹಾಕಿದರೂ ಸಾಕು. ಸಂಜೆ ಒಮ್ಮೆಗೇ ತುಂಬಿದ ಪುಟ ಗೊತ್ತಾಗುತ್ತದೆ: ಒಂದೇ ಪೆನ್ನು, ಒಂದೇ ಓಟ, 6-8-10-12 ಎಂದು ನಿಮಿಷವೂ ಹೆಚ್ಚು ಕಡಿಮೆಯಿಲ್ಲದ ವೇಳೆಗಳು. ನಿಜವಾಗಿ ಮಾಡಿದವರ ಪುಟದಲ್ಲಿ 8-20 ಇರುತ್ತದೆ, 10-05 ಇರುತ್ತದೆ. ದೂರದಲ್ಲಿರುವ ಮಕ್ಕಳು ವಿಡಿಯೋ ಕರೆಯಲ್ಲಿ 'ಆರಾಮ ಅದಾರ?' ಎಂದು ಕೇಳುವ ಬದಲು ಆ ಪುಟದ ಫೋಟೋ ತರಿಸಿಕೊಂಡು ಓದಲಿ. ಬಿದ್ದದ್ದನ್ನು ಬರೆದ ಸಹಾಯಕರನ್ನು ಬೈದರೆ ಮುಂದಿನ ಸಲ ಬಿದ್ದದ್ದು ಪುಸ್ತಕಕ್ಕೆ ಬರುವುದಿಲ್ಲ.

ಮರ್ಯಾದೆ, ಎರಡೂ ಕಡೆಗೆ

ಸ್ನಾನ ಮಾಡಿಸುವಾಗ ಬಾಗಿಲು ಮುಚ್ಚುವುದು, ಒರೆಸುತ್ತಿರುವ ಭಾಗವನ್ನಷ್ಟೇ ತೆರೆದು ಉಳಿದದ್ದಕ್ಕೆ ಹೊದಿಸುವುದು, ಹೆಂಗಸರಿಗೆ ಹೆಂಗಸರೇ ಬೇಕೆಂದರೆ ಒಪ್ಪುವುದು, ಬಹುವಚನದಲ್ಲಿ ಮಾತಾಡಿಸುವುದು ಇವು ಗುಣಮಟ್ಟದ ಭಾಗವೇ. ರೋಗಿಯ ಫೋಟೋ ಸಹಾಯಕರ ಸ್ಟೇಟಸ್‌ನಲ್ಲಿ ಬರಬಾರದು. ಕೋಣೆಯಲ್ಲಿ ಕ್ಯಾಮೆರಾ ಇಡುವುದಾದರೆ ಹಿರಿಯರಿಗೂ ಸಹಾಯಕರಿಗೂ ಹೇಳಿಯೇ ಇಡಬೇಕು, ಬಚ್ಚಲಲ್ಲಿ ಮತ್ತು ಸಹಾಯಕರು ಮಲಗುವಲ್ಲಿ ಖಂಡಿತ ಇಡಬಾರದು. ಕೈ ಕಾಲು ಕಟ್ಟುವುದು ಯಾವ ಕಾರಣಕ್ಕೂ ಆರೈಕೆಯಲ್ಲ. ಮರೆವಿನ ಕಾಯಿಲೆಯವರು ರಾತ್ರಿ ಎದ್ದು ಓಡಾಡುತ್ತಾರೆ, ಹೊಡೆಯುತ್ತಾರೆ ಎಂದಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ತೋರಿಸಿ ಸಲಹೆ ಪಡೆಯಬಹುದು. ತೋಳಿನ ಒಳಬದಿಯಲ್ಲಿ ಬೆರಳಿನ ಗುರುತು, ಸಹಾಯಕರು ಒಳಗೆ ಬಂದೊಡನೆ ಹಿರಿಯರು ಮಾತು ನಿಲ್ಲಿಸುವುದು, ಹಗಲಿಡೀ ಮಂಪರು ಕಂಡರೆ ಹಿರಿಯರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಬೇಕು.

ಸಹಾಯಕರ ಸುರಕ್ಷತೆಯೂ ಇದರಲ್ಲಿಯೇ ಸೇರಿದೆ. ಕೈಗವಸು, ಮಾಸ್ಕ್, ಸೂಜಿ ಹಾಕಲು ಚುಚ್ಚಿದರೆ ತೂತಾಗದ ಗಟ್ಟಿ ಡಬ್ಬಿ, ತಟ್ಟೆಯಲ್ಲಿ ಭೇದ ಮಾಡದ ಊಟ, ಚಿಲಕವಿರುವ ಮಲಗುವ ಜಾಗ ಮನೆಯವರ ಹೊಣೆ. ಮನೆಗೆಲಸದ ಮಹಿಳೆಯರೂ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಯ ಮಹಿಳೆಯರೂ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಎಂಬುದನ್ನು ಅವರಿಗೆ ತಿಳಿಸಿ ಹೇಳುವುದು ನಮ್ಮ ಘನತೆಗೆ ಕುಂದಲ್ಲ.

ತುರ್ತು ಮತ್ತು ದೂರು

ಗೋಡೆಯ ಹಾಳೆಯಲ್ಲಿ ಆಂಬುಲೆನ್ಸಿನ 108, ಪೊಲೀಸರ 112, ಕುಟುಂಬದ ವೈದ್ಯರ ಮತ್ತು ಹತ್ತಿರದ ನೆರೆಯವರ ನಂಬರುಗಳು ದಪ್ಪಕ್ಷರದಲ್ಲಿ ಇರಲಿ. ಬಾಯಿ ಸೊಟ್ಟಾಗುವುದು, ಒಂದು ಕೈ ಬಿದ್ದುಹೋಗುವುದು, ಮಾತು ತೊದಲುವುದು ಕಂಡರೆ ರೋಗಿ ಸರಿಯಾಗಿದ್ದದ್ದು ಕೊನೆಯದಾಗಿ ಎಷ್ಟು ಗಂಟೆಗೆ ಎಂದು ಬರೆದುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಬೇಕು, ಇವು ಪಾರ್ಶ್ವವಾಯುವಿನ ಗುರುತುಗಳು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರುತ್ತಿದ್ದು, ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು.

ಹಿರಿಯರಿಗೆ ಹಿಂಸೆಯಾಗಿದೆ ಎನಿಸಿದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ, ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಬೇಕು. ಏಜೆನ್ಸಿ ಹಣ ಪಡೆದು ಒಪ್ಪಿದ ಸೇವೆ ಕೊಡದಿದ್ದರೆ ಮೊದಲು ಅವರಿಗೆ ಲಿಖಿತವಾಗಿ ತಿಳಿಸಿ, ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಆ ಅರ್ಜಿಯ ಜೊತೆಗೆ ಸಹಿ ಹಾಕಿದ ಕರಾರು, ಯುಪಿಐ ರಸೀದಿಗಳು ಮತ್ತು ನೋಟ್‌ಬುಕ್ಕಿನ ಆಯಾ ದಿನದ ಪುಟಗಳ ಪ್ರತಿಗಳನ್ನು ಲಗತ್ತಿಸಬೇಕು.